ಗುಡಿಸಲು ಎಳೆದು ಕೆಡವಿದ ಊರು

ಬಿಜೈ

ಪಕ್ಕದ ಮನೆಯವರ ಹೊಸ ಕಾರು ಕಂಡು ಹೊಟ್ಟೆ ಉರಿಸಿಕೊಂಡವರನ್ನು ನೋಡಿದ್ದೇನೆ. ಅಕ್ಕನ ಮಕ್ಕಳ ಅಂಕ ಕೇಳಿ ಊಟ ಸೇರದೆ ಎದ್ದವರನ್ನೂ ನೋಡಿದ್ದೇನೆ. ಆದರೆ ಇನ್ನೊಬ್ಬಳ ಅಜ್ಜಿಯ ಅಜ್ಜಿಯ ಮೇಲೆ ಹೊಟ್ಟೆಕಿಚ್ಚುಪಟ್ಟು, ಅದೇನೆಂದು ನೋಡಿಯೇ ಬರುತ್ತೇನೆಂದು ಕಡಲು ದಾಟಿದವಳು ಬಹುಶಃ ನಾನೊಬ್ಬಳೇ.

ಆ ಇನ್ನೊಬ್ಬಳ ಹೆಸರು ದಾಮಾ. ಕೀನ್ಯಾದ ಹುಡುಗಿ. ಮಂಗಳೂರಿನ ಫಳ್ನೀರಿನ ಕಾಲೇಜೊಂದರಲ್ಲಿ ನರ್ಸಿಂಗ್ ಓದಲು ಬಂದವಳು, ಓದು ಮುಗಿಯುವವರೆಗೂ ಬಿಜೈಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿದ್ದಳು. ನನ್ನ ಗಂಡ ಭಾಸ್ಕರ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಅಲ್ಲಿ ಬನ್ಸ್ ತಿನ್ನುತ್ತ, ಮಾಣಿಗಳ ಜೊತೆ ಜಗಳವಾಡುತ್ತ ಅವಳು ನಮ್ಮ ಕನ್ನಡ ಕಲಿತಳು. ಊರಿಗೆ ಮರಳಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಫೋನಿನಲ್ಲಿ ಅವಳ ಮೊದಲ ಮಾತು "ಎಂತ ಟೀಚರ್, ಊಟ ಆಯ್ತಾ?" ಎಂದೇ.

ಕಳೆದ ವರ್ಷ ಅವಳೊಂದು ವಿಡಿಯೊ ಕಳುಹಿಸಿದಳು. ಬಯಲಿನಲ್ಲಿ ತೆಂಗಿನ ಗರಿಯ ಒಂದು ಪುಟ್ಟ ಗುಡಿಸಲು. ಅದಕ್ಕೆ ಹಗ್ಗ ಕಟ್ಟಿದ್ದಾರೆ. ಊರಿಗೆ ಊರೇ ಸೇರಿ ಹಗ್ಗ ಎಳೆಯುತ್ತದೆ, ಗುಡಿಸಲು ಧೂಳೆಬ್ಬಿಸಿ ಬೀಳುತ್ತದೆ, ಮಕ್ಕಳು ಅದರ ಮೇಲೆ ಹತ್ತಿ ಕುಣಿಯುತ್ತಾರೆ. ಹಿನ್ನೆಲೆಯಲ್ಲಿ ದಾಮಾಳ ಸ್ವರ: "ಇದು ನಮ್ಮ ಅಜ್ಜಿಯ ಅಜ್ಜಿಯ ನೆನಪಿಗೆ ಟೀಚರ್. ಬ್ರಿಟಿಷರು ಗುಡಿಸಲಿಗೆ ತೆರಿಗೆ ಹಾಕಿದಾಗ ಅವಳು ಗುಡಿಸಲನ್ನೇ ಎಳೆದು ಕೆಡವಿದಳು. ಮನೆಯೇ ಇಲ್ಲ, ತೆರಿಗೆ ಎಲ್ಲಿಂದ ಅಂತ ಕೇಳಿದಳು."

ನಾನು ಆ ವಿಡಿಯೊವನ್ನು ಅಡುಗೆಮನೆಯಲ್ಲಿ ನಿಂತು ನೋಡಿದೆ, ಮತ್ತೆ ನೋಡಿದೆ. ಮೀನು ಸೀದು ಹೋಯಿತು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ನಮ್ಮ ಜಿಲ್ಲೆಯಲ್ಲೂ 1837ರಲ್ಲಿ ಒಂದು ದಂಗೆ ನಡೆದಿತ್ತು. ತೀರ್ವೆಯನ್ನು ಧಾನ್ಯವಾಗಿ ಕೊಡುವುದು ಸಾಲದು, ನಗದಾಗಿಯೇ ಕಟ್ಟಬೇಕು ಎಂದು ಕಂಪನಿ ಸರ್ಕಾರ ಹಠ ಹಿಡಿಯಿತು. ಉಪ್ಪು, ಹೊಗೆಸೊಪ್ಪು ಎಲ್ಲ ಅವರ ಮುಷ್ಟಿಗೆ ಹೋಯಿತು. ಘಟ್ಟದ ಬುಡದಿಂದ ಎದ್ದ ರೈತರು ಮಂಗಳೂರನ್ನೇ ಹಿಡಿದು, ಕೆಲವು ದಿನ ಆಳಿದರು. ಆಮೇಲೆ ಪಡೆ ಬಂತು. ಕೆಲವರನ್ನು ಕಡಲಾಚೆ ಸಾಗಿಸಿದರು, ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ಕೇಳುತ್ತಾರೆ: "ಮೇಡಂ, ಇದು ಪರೀಕ್ಷೆಗೆ ಬರ್ತದಾ?"

ನಾಯಕರಾದವರಿಗೆ ಈಚೆಗೆ ಬಾವುಟಗುಡ್ಡೆಯಲ್ಲಿ ಪ್ರತಿಮೆಯೊಂದು ನಿಂತಿದೆ. ಸಂತೋಷವೇ. ಆದರೆ ಅವರ ಹಿಂದೆ ಹೋದವರ ಕತೆ? ನನ್ನ ತವರಿನಿಂದಲೂ ಒಬ್ಬ ಹೋಗಿದ್ದನಂತೆ. ಗದ್ದೆ ಮನೆ ಬಿಟ್ಟು ಹೋದವನು ಮರಳಲಿಲ್ಲ. ನಮಗೆ ಗೊತ್ತಿರುವುದು ಅಷ್ಟೇ, ಆ "ಅಂತೆ"ಯಷ್ಟೇ. ಹಾಗಿರುವಾಗ ನಮ್ಮ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹುಡುಗಿಗೆ ಹೆಸರು, ಕತೆ, ಹಬ್ಬ, ಹಗ್ಗ ಎಲ್ಲ ಇದೆ!

"ಈ ಸಲ ನೀವಿಬ್ಬರೂ ಬನ್ನಿ" ಎಂದು ದಾಮಾ ಕರೆದಾಗ ನಾನು ಯೋಚಿಸಲೇ ಇಲ್ಲ. ಭಾಸ್ಕರ್ ನನ್ನ ಮುಖ ನೋಡಿ, "ನೀನು ಪ್ರೀತಿಗೆ ಹೋಗುವುದಾ, ಹೊಟ್ಟೆಕಿಚ್ಚಿಗೆ ಹೋಗುವುದಾ?" ಎಂದು ಕೇಳಿದರು.

"ಎರಡಕ್ಕೂ ಟಿಕೆಟ್ ಒಂದೇ ಅಲ್ವಾ" ಎಂದೆ.

ಮೊಂಬಾಸಾ

ದುಬೈಯಲ್ಲಿ ವಿಮಾನ ಬದಲಿಸಿ ಮೊಂಬಾಸಾದಲ್ಲಿ ಇಳಿದಾಗ ಬಾಗಿಲಲ್ಲೇ ಬಂದ ಸೆಖೆ ನಮ್ಮ ಬಂದರು ಪ್ರದೇಶದ್ದೇ. ಬೆವರು, ಉಪ್ಪು, ಮೀನಿನ ವಾಸನೆ. ಹೊರದೇಶಕ್ಕೆ ಬಂದ ಅನುಭವವೇ ಆಗಲಿಲ್ಲವೆಂದು ನನಗೆ ಮೊದಲ ನಿರಾಶೆ.

ಅದನ್ನು ಸರಿಪಡಿಸಲು ಎಂಬಂತೆ ಕಸ್ಟಮ್ಸ್ ಅಧಿಕಾರಿಯೊಬ್ಬರು ನಮ್ಮ ಚೀಲ ಬಿಚ್ಚಿಸಿದರು. ಉಡುಗೊರೆಗೆಂದು ಭಾಸ್ಕರ್ ಒಂದು ಪೊಟ್ಟಣ ಒಣಗಿಸಿದ ಪುನರ್ಪುಳಿ ಹಣ್ಣಿನ ಸಿಪ್ಪೆ ತುಂಬಿಸಿದ್ದರು. ಕಪ್ಪಗೆ, ಮುದುಡಿಕೊಂಡು, ಸ್ವಲ್ಪ ಅಂಟಂಟಾಗಿ ಇರುವ ಆ ವಸ್ತು ಯಾವ ಕೋನದಿಂದ ನೋಡಿದರೂ ಸಭ್ಯ ಪದಾರ್ಥದಂತೆ ಕಾಣುವುದಿಲ್ಲ. ಅಧಿಕಾರಿ ಮೂಸಿದರು, ಇನ್ನೊಬ್ಬರನ್ನು ಕರೆದರು. ನಾನು ಇಂಗ್ಲಿಷಿನಲ್ಲಿ ಹಣ್ಣಿನ ಕುಲಗೋತ್ರ ವಿವರಿಸಲು ತೊಡಗಿದೆ. ಭಾಸ್ಕರ್ ಒಂದು ಸಿಪ್ಪೆಯನ್ನು ತಾವೇ ಬಾಯಿಗೆ ಹಾಕಿ, ಇನ್ನೊಂದನ್ನು ಅವರಿಗೆ ನೀಡಿದರು. ಅಧಿಕಾರಿ ಜಗಿದರು. ಹುಳಿಗೆ ಅವರ ಒಂದು ಕಣ್ಣು ತಾನಾಗಿ ಮುಚ್ಚಿತು. ಮತ್ತೆ ನಕ್ಕು, ಇನ್ನೆರಡು ತೆಗೆದುಕೊಂಡು ನಮ್ಮನ್ನು ಬಿಟ್ಟರು. ಆ ಪ್ರವಾಸದುದ್ದಕ್ಕೂ ಹೀಗೇ ಆಯಿತು. ನಾನು ವಿವರಿಸಿದೆ. ಜನ ಪ್ರೀತಿಸಿದ್ದು ಇವರನ್ನು.

ಹೊರಗೆ ದಾಮಾ ತನ್ನ ಮಾವ ಕರೀಸಾರ ಜೊತೆ ಕಾಯುತ್ತಿದ್ದಳು. ಕರೀಸಾ ಮಾಮ ಶಾಲಾ ಬಸ್ಸಿನ ಚಾಲಕರು, ಇಂಗ್ಲಿಷ್ ಚೆನ್ನಾಗಿ ಆಡುತ್ತಾರೆ. "ಮಂಗಳೂರು" ಎಂದ ಕೂಡಲೇ ಅವರು ಕಾರಿನ ಕಿಟಕಿಯಿಂದ ಹಳೆಯ ಮನೆಗಳ ಮಾಡುಗಳನ್ನು ಒಂದೊಂದಾಗಿ ತೋರಿಸಿದರು. ಎಲ್ಲ ನಮ್ಮದೇ ಕೆಂಪು ಹೆಂಚು! ಇಲ್ಲಿಯವರಿಗೆ ಮಂಗಳೂರು ಎಂದರೆ ಊರಲ್ಲ, ಹೆಂಚಿನ ಜಾತಿ. ಭಾಸ್ಕರ್ ಸ್ವತಃ ಸುಟ್ಟು ಕಳುಹಿಸಿದವರ ಹಾಗೆ ಎದೆಯುಬ್ಬಿಸಿ ಕೂತರು. ನನಗೂ ಹೆಮ್ಮೆಯೇ. ಆದರೆ ಕೂಡಲೇ ಇನ್ನೊಂದು ಯೋಚನೆಯೂ ಬಂತು. ನಮ್ಮ ಹೆಂಚಿಗೆ ಕಡಲಾಚೆಯೂ ಹೆಸರು ಉಳಿದಿದೆ, ನಮ್ಮ ಮನುಷ್ಯನಿಗೆ ಮನೆಯೊಳಗೂ ಇಲ್ಲ.

ಕಿಲಿಫಿಯ ಒಳಗಡೆ

ದಾಮಾಳ ಊರು ಕಿಲಿಫಿ ಪಟ್ಟಣದಿಂದ ಒಳಕ್ಕೆ, ತೆಂಗು ಗೇರುಗಳ ನಡುವೆ. ಮಣ್ಣು ನಮ್ಮದರಷ್ಟು ಕೆಂಪಲ್ಲ. ಊರ ಹಿಂದೆ ಒಂದು ದಟ್ಟ ಕಾಡಿನ ತುಂಡು. ಅಲ್ಲಿ ಕಡ್ಡಿ ಮುರಿಯಬಾರದು, ಚಪ್ಪಲಿ ಹಾಕಿ ಹೋಗಬಾರದು, ಹಿರಿಯರ ಆತ್ಮಗಳು ಇರುತ್ತವೆ ಎಂದು ಕರೀಸಾ ಮಾಮ ಗಂಭೀರವಾಗಿ ಎಚ್ಚರಿಸಿದರು. ನಾನು ನಮ್ಮ ನಾಗಬನಗಳ ವಿಚಾರ ಹೇಳಿದೆ. ಈಗ ಅನೇಕ ಬನಗಳಲ್ಲಿ ಮರ ಕಡಿದು ಕಾಂಕ್ರೀಟು ಕಟ್ಟೆ ಮಾಡಿದ್ದಾರೆ ಎಂಬುದನ್ನು ಹೇಳಲಿಲ್ಲ. ಅಷ್ಟು ಹೊತ್ತಿಗಾಗಲೇ ನಾನು ಸ್ಪರ್ಧೆಗಿಳಿದಾಗಿತ್ತು.

ದಾಮಾಳ ಅಜ್ಜಿಯನ್ನು ಎಲ್ಲರೂ ಹವೇ ಎನ್ನುತ್ತಾರೆ. ಅಲ್ಲಿನ ಭಾಷೆಯಲ್ಲಿ ಅಜ್ಜಿ ಎಂದೇ ಅರ್ಥ. ಎಂಬತ್ತು ದಾಟಿದ, ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದರು.

"ಎಂತ ಹೇಳ್ತಾರೆ?" ಎಂದು ಕೇಳಿದೆ.

"ನನ್ನ ಮೊಮ್ಮಗಳಿಗೆ ಊಟ ಹಾಕಿದ ಕೈ ಇದೇನಾ ಅಂತ" ಎಂದಳು ದಾಮಾ.

"ಊಟ ಹಾಕಿದ್ದು ಇವರು, ನಾನು ಬಾಡಿಗೆ ತೆಗೊಂಡದ್ದು" ಎಂದೆ. ದಾಮಾ ಅದನ್ನೂ ಹಾಗೇ ಅನುವಾದಿಸಿಬಿಟ್ಟಳು. ಹವೇ ನನ್ನ ಕೈ ಬಿಟ್ಟು ಭಾಸ್ಕರರ ಕೈ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ತಿಂಡಿಗೆ ಕರಿದ ರೊಟ್ಟಿ ಬಂತು, ಜೊತೆಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ತೊಗರಿಕಾಳು. ಭಾಸ್ಕರ್ ಮುರಿದು, ಒಳಗಿನ ಪದರ ನೋಡಿ, ಕಣ್ಣರಳಿಸಿದರು. "ಇದು ಬನ್ಸೇ ಮಾರಾಯ್ತಿ! ಬಾಳೆಹಣ್ಣು ಹಾಕಿಲ್ಲ, ಅಷ್ಟೇ. ಗಸಿ ನೋಡು, ನಮ್ಮದಕ್ಕಿಂತ ದಪ್ಪ ಉಂಟು." ಆಮೇಲೆ ಅವರು ಕಂಡದ್ದು ಅಡುಗೆಮನೆಯಲ್ಲೇ.

ಮಧ್ಯಾಹ್ನ ಹಬ್ಬದ ಗುಡಿಸಲಿಗಾಗಿ ಹೆಂಗಸರು ಅಂಗಳದಲ್ಲಿ ಮಾಡು ಹೊದೆಸುವ ಗರಿ ಸಿದ್ಧಮಾಡುತ್ತಿದ್ದರು. ಅವರದು ಬೇರೆ ಕ್ರಮ. ತೆಂಗಿನ ಎಲೆಗಳನ್ನು ಒಂದು ಕೋಲಿನ ಮೇಲೆ ಮಡಚಿ ಹೊಲಿಯುತ್ತಾರೆ. ಭಾಸ್ಕರ್ ಸುಮ್ಮನಿರುತ್ತಾರೆಯೇ? ತೆಂಗಿನ ಇಡೀ ಮಡಲನ್ನು ಸೀಳಿ, ನಮ್ಮ ಊರಿನ ಹಾಗೆ ಹೆಣೆದು ತೋರಿಸಿದರು. ಹವೇ ಅದನ್ನು ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿ, ತೂತುಗಳಲ್ಲಿ ಬೆರಳು ತೂರಿಸಿ, ಮಳೆ ಬಂದರೆ ಎಂತ ಮಾಡುತ್ತೀರಿ ಎಂದು ಕೇಳಿ, ನಕ್ಕು ನಕ್ಕು ಕೆಮ್ಮಿದರು. ಆದರೂ ಗುಡಿಸಲಿನ ಎದುರು ಭಾಗಕ್ಕೆ ಅದನ್ನೇ ಕಟ್ಟಬೇಕೆಂದು ಹೇಳಿದರು.

ನಾನು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಕೀನ್ಯಾದ ಇತಿಹಾಸವನ್ನು ಓದಿ ಬಂದವಳು ನಾನು. ಅಜ್ಜಿ ಮಾತಾಡುತ್ತಿದ್ದದ್ದು ಇವರ ಜೊತೆ.

ಹವೇಯ ಅಂಗಳ

ಸಂಜೆ ನಾನೇ ಹೋಗಿ ಹವೇಯ ಎದುರು ಚಾಪೆಯಲ್ಲಿ ಕೂತು, ಕತೆ ಹೇಳಿ ಎಂದು ಕೇಳಿದೆ. ದಾಮಾ ನಡುವೆ ಕೂತು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು.

ಬ್ರಿಟಿಷರು ಮೊದಲು ಬಾಗಿಲು ಎಣಿಸಲು ಬಂದರು. ಬಾಗಿಲಿಗೊಂದು ತೆರಿಗೆ. ಅದನ್ನು ನಾಣ್ಯದಲ್ಲೇ ಕೊಡಬೇಕು. ನಾಣ್ಯ ಬೇಕೆಂದರೆ ಬಿಳಿಯರ ತೋಟಕ್ಕೆ ಕೂಲಿಗೆ ಹೋಗಬೇಕು. ತೆರಿಗೆ ಹಾಕಿದ್ದೇ ಅದಕ್ಕಾಗಿ ಎಂದರು ಹವೇ. ಜನ ಎರಡು ಮೂರು ಸಂಸಾರ ಒಂದೇ ಗುಡಿಸಲಲ್ಲಿ ತುಂಬಿಕೊಂಡು ಮಲಗತೊಡಗಿದರು. ಹವೇಯ ಅಜ್ಜಿ ವಿಧವೆ. ಎಣಿಸುವವರು ಬರುವ ಬೆಳಿಗ್ಗೆ ಅವಳು ಕಂಬಕ್ಕೆ ಹಗ್ಗ ಬಿಗಿದು ಗುಡಿಸಲನ್ನು ಎಳೆದು ಕೆಡವಿ, ಪಾತ್ರೆಗಳನ್ನು ಮಾವಿನ ಮರದಡಿ ಜೋಡಿಸಿಟ್ಟು, ಅಡುಗೆಗೆ ಕೂತಳು. ಎಣಿಸಲು ಬಂದವನು ಮನೆಯೆಲ್ಲಿ ಎಂದು ಕೇಳಿದ. ಅವಳು ಮರವನ್ನು ತೋರಿಸಿ, ಬಾಗಿಲು ಹುಡುಕಿಕೋ ಎಂದಳು.

"ಉಳಿದವರೂ ಕೆಡವಿದರಾ?" ಎಂದೆ.

"ಎಲ್ಲಿ! ಅರ್ಧ ಊರು ಅವಳಿಗೆ ಬೈತು. ಇವಳಿಂದ ನಮಗೆಲ್ಲ ಬರ್ತದೆ ಅಂತ" ಎಂದಳು ದಾಮಾ.

ಬಂದೇ ಬಂತು. ಒಬ್ಬರು ತಪ್ಪು ಮಾಡಿದರೆ ಇಡೀ ಊರಿಗೆ ಶಿಕ್ಷೆ ಎಂಬ ಕಾನೂನು ಅವರ ಕೈಯಲ್ಲಿತ್ತು. ಪೊಲೀಸರು ಬಂದು ಆಡುಗಳನ್ನು ಹೊಡೆದುಕೊಂಡು ಹೋದರು. ತೆರಿಗೆ ಕಟ್ಟಿದವರ ಆಡು, ಕಟ್ಟದವರ ಆಡು ಎಂದು ನೋಡಲಿಲ್ಲ. ಅವಳಿಗೆ ಎಲ್ಲರಿಗಿಂತ ಜೋರಾಗಿ ಬೈದವನ ಆಡುಗಳನ್ನೇ ಮೊದಲು ಒಯ್ದರು. ಮರುದಿನ ಬೆಳಿಗ್ಗೆ ಅವನು ತನ್ನ ಗುಡಿಸಲಿಗೆ ಹಗ್ಗ ಕಟ್ಟಿದ. ಆಮೇಲೆ ಅವನ ತಮ್ಮ. ಆಮೇಲೆ ಊರೇ. ಪಕ್ಕದ ಊರಿನವರು ಬಂದು ನೋಡಿ ಹೋಗಿ, ಅಲ್ಲೂ ಶುರುವಾಯಿತು. ಸರ್ಕಾರ ಆಡು ಒಯ್ಯದೆ ಇದ್ದಿದ್ದರೆ ಅಜ್ಜಿ ಒಬ್ಬಳೇ ಮರದಡಿ ಕೂತು ಮಳೆಯಲ್ಲಿ ನೆನೆಯುತ್ತಿದ್ದಳು ಎಂದು ಹವೇ ಹೇಳಿದರು. ಇಷ್ಟು ವರ್ಷ ತರಗತಿಯಲ್ಲಿ ದಂಗೆಗೆ ಕಾರಣಗಳು ಎಂದು ಒಂದರ ಕೆಳಗೊಂದು ಬರೆಸಿದ್ದೇನೆ. ಆ ಬೈದವನ ಆಡುಗಳು ಅದರಲ್ಲಿ ಎಲ್ಲೂ ಇರಲಿಲ್ಲ.

ಅಜ್ಜಿಯನ್ನು ಹಿಡಿದು ಕರಾವಳಿಯ ಪಟ್ಟಣದ ಸೆರೆಗೆ ಹಾಕಿದರು. ಬಹಳ ಕಾಲದ ಮೇಲೆ ಬಿಟ್ಟರು. ಹವೇ ಸಣ್ಣ ಹುಡುಗಿಯಾಗಿದ್ದಾಗಲೂ ಅವಳು ಬದುಕಿದ್ದಳು.

"ನೋಡಿದ್ದೀರಾ ನೀವು?"

ಹವೇ ತಲೆಯಾಡಿಸಿದರು. ಅಜ್ಜಿ ಯಾವತ್ತೂ ದಾರಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲವಂತೆ. ಉಣ್ಣುವಾಗಲೂ ದಾರಿ ನೋಡಿಕೊಂಡೇ. ಯಾರಾದರೂ ಬೂಟು ಹಾಕಿ ನಡೆದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತಂತೆ. ಹವೇ ಎದ್ದು, ಅವಳು ಹೇಗೆ ಕೂರುತ್ತಿದ್ದಳೆಂದು ಕೂತು ತೋರಿಸಿದರು.

ಇವರಿಗೆ ಅವಳು ಕೂರುತ್ತಿದ್ದ ರೀತಿಯೂ ಗೊತ್ತು! ನಮ್ಮವನು ಎತ್ತರವೋ ಗಿಡ್ಡವೋ, ಮದುವೆಯಾಗಿತ್ತೋ ಇಲ್ಲವೋ, ಹೋಗುವ ಮೊದಲು ಮನೆಯಲ್ಲಿ ಏನಾದರೂ ಹೇಳಿದನೋ, ಒಂದೂ ಗೊತ್ತಿಲ್ಲ. ಅಂಗಳದಲ್ಲಿ ಕೂತಿದ್ದ ಆ ಮುದುಕಿಯ ಬಾಗಿದ ಬೆನ್ನು ನೋಡುತ್ತ ನನಗೆ ಎದೆ ಉರಿಯಿತು.

"ಅವಳ ಹೆಸರು?" ಎಂದು ಕೊನೆಗೆ ಕೇಳಿದೆ.

ದಾಮಾ ನಾಚಿಕೊಂಡಳು. "ದಾಮಾ. ನಮ್ಮಲ್ಲಿ ಹಿರಿಯರ ಹೆಸರನ್ನೇ ಮಕ್ಕಳಿಗೆ ಇಡುವುದು. ನನ್ನದು ಅವಳ ಹೆಸರೇ ಟೀಚರ್."

ನಾಲ್ಕು ವರ್ಷ ಆ ಹೆಸರನ್ನು ನಾನು ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ್ದೆ. ನೀರು ಬಂತು ದಾಮಾ, ಮೋಟಾರು ಬಂದ್ ಮಾಡು ದಾಮಾ, ಎಂದು.

ಹಳೆಯ ಕಚೇರಿ

ಹಬ್ಬದ ಹಿಂದಿನ ದಿನ ಕರೀಸಾ ಮಾಮ ನಮ್ಮನ್ನು ಅಜ್ಜಿಯನ್ನು ಕೂಡಿಹಾಕಿದ್ದ ಪಟ್ಟಣಕ್ಕೆ ಕರೆದುಕೊಂಡು ಹೋದರು. ತೆರಿಗೆ ವಸೂಲಿಯ ಕಚೇರಿ, ನ್ಯಾಯಾಲಯ, ಸೆರೆ ಎಲ್ಲ ಒಂದೇ ಕಟ್ಟಡದಲ್ಲಿತ್ತಂತೆ. ಈಗ ಅರ್ಧ ಕುಸಿದು, ಒಳಗೆ ಹುಲ್ಲು ಬೆಳೆದಿದೆ. ಸಮುದ್ರ ಗೋಡೆಯಾಚೆಗೇ ಇದೆ. ಅಜ್ಜಿ ಇದ್ದದ್ದು ಈ ಕೋಣೆ ಎಂದು ದಾಮಾ ಒಂದು ಕತ್ತಲ ಗೂಡನ್ನು ತೋರಿಸಿದಳು. ನಾವು ಚಪ್ಪಲಿ ಕಳಚಿ ನಿಂತೆವು. ಹೇಳಿಕೊಟ್ಟವರು ಯಾರೂ ಇಲ್ಲ, ಹಾಗೆ ಮಾಡಬೇಕೆನಿಸಿತು.

ಹೊರಬರುವಾಗ ಭಾಸ್ಕರ್ ಹುಲ್ಲಿನಿಂದ ಏನನ್ನೋ ಎತ್ತಿಕೊಂಡು, ಅಂಗಿಯ ತುದಿಯಿಂದ ಒರೆಸಿ, ನೋಡಿ, ನನ್ನ ಕೈಗೆ ಕೊಟ್ಟರು. ಒಡೆದ ಹೆಂಚು. ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಊರಿನ ಹೆಸರು.

ಮೊಂಬಾಸಾದ ಬೀದಿಯಲ್ಲಿ ಎದೆಯುಬ್ಬಿಸಿಕೊಂಡಿದ್ದವರು ಈಗ ನೆಲ ನೋಡುತ್ತಿದ್ದರು. ನೇತ್ರಾವತಿಯದೋ ಗುರುಪುರ ಹೊಳೆಯದೋ ದಡದ ಮಣ್ಣು. ನಮ್ಮ ಊರಿನ ಹೆಂಗಸರು ಗಂಡಸರು ತುಳಿದು ಹದಮಾಡಿದ ಮಣ್ಣು. ಅದು ಇಲ್ಲಿ ಬಂದು ಬಾಗಿಲು ಎಣಿಸುವವನಿಗೆ ನೆರಳು ಕೊಟ್ಟಿದೆ. ಗುಡಿಸಲು ಕೆಡವಿದವಳು ಕೂತಿದ್ದದ್ದು ನಮ್ಮ ಮಾಡಿನ ಕೆಳಗೆ.

"ಹೆಂಚು ಮಾಡಿದವರಿಗೆ ಅದು ಎಲ್ಲಿಗೆ ಹೋಗ್ತದೆ ಅಂತ ಎಂತ ಗೊತ್ತು ಮಾರಾಯ್ತಿ" ಎಂದರು ಭಾಸ್ಕರ್ ಮೆತ್ತಗೆ.

ಗೊತ್ತಿರಲಿಲ್ಲ, ನಿಜ. ಆದರೆ ನಾನು ಇಲ್ಲಿಗೆ ಬಂದದ್ದು ಅವರ ಅಜ್ಜಿಯ ಪಕ್ಕ ನಿಲ್ಲಿಸಲು ನಮ್ಮದೂ ಏನಾದರೂ ಇದೆಯೋ ಎಂದು ಹುಡುಕುತ್ತ. ಸಿಕ್ಕಿದ್ದು ಇದು. ನನ್ನ ಮುಖ ಹೇಗಾಗಿತ್ತೋ, ದಾಮಾ ಬಂದು ಭುಜ ಮುಟ್ಟಿ, "ಬೇಸರ ಮಾಡ್ಬೇಡಿ ಟೀಚರ್. ಹೆಂಚು ಎಂತ ಮಾಡ್ತದೆ?" ಎಂದಳು.

ಆ ಸಮಾಧಾನದ ಮಾತೇ ನನ್ನನ್ನು ಕೆರಳಿಸಿತು.

"ನಿನಗೆ ಹೇಳುವುದು ಸುಲಭ. ನಿಮಗೆ ಎಲ್ಲ ತಯಾರಾಗಿ ಸಿಕ್ಕಿದೆ. ಹೆಸರು ಉಂಟು, ಅಜ್ಜಿ ಉಂಟು, ನೂರು ವರ್ಷದಿಂದ ನಡೆಸಿಕೊಂಡು ಬಂದ ಹಬ್ಬ ಉಂಟು. ನೀನು ಹೋಗಿ ಹಗ್ಗ ಹಿಡಿದರೆ ಆಯ್ತು. ಇನ್ನೂ ನೂರು ವರ್ಷ ಕಳೆಯಲಿ, ನಿಮ್ಮ ಮಕ್ಕಳೂ ಕೇಳ್ತಾರೆ, ಪರೀಕ್ಷೆಗೆ ಬರ್ತದಾ ಅಂತ."

ದಾಮಾ ಕೈ ತೆಗೆದಳು. ಅವಳಿಗೆ ಸಿಟ್ಟು ಬಂದದ್ದನ್ನು ಅಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ.

"ಯಾರು ಹೇಳಿದ್ದು ನೂರು ವರ್ಷ ಅಂತ?" ಎಂದಳು. "ಇದು ನಾಲ್ಕನೇ ವರ್ಷ. ನಾನು ಶುರು ಮಾಡಿದ್ದು."

ಮತ್ತೆ ಸಮುದ್ರದ ಕಡೆ ತಿರುಗಿ ಹೇಳತೊಡಗಿದಳು.

"ನೀವು ಕೆಳಗೆ ಚಾವಡಿಯಲ್ಲಿ ಮಕ್ಕಳಿಗೆ ಟ್ಯೂಷನ್ ಮಾಡ್ತಿದ್ರಿ. ನನಗೆ ಮೇಲೆ ಎಲ್ಲ ಕೇಳ್ತಿತ್ತು. ಬಿಕರ್ನಕಟ್ಟೆಯ ಕತೆ ಹೇಳುವಾಗ ನಿಮ್ಮ ಸ್ವರ ನಡುಗ್ತಿತ್ತು. ನನಗೆ ಹೊಟ್ಟೆಕಿಚ್ಚಾಯ್ತು ಟೀಚರ್. ಇವರದು ಪುಸ್ತಕದಲ್ಲಿ ಉಂಟು, ಇವರಿಗೆ ಹೇಳ್ಲಿಕ್ಕೆ ಒಂದು ಕತೆ ಉಂಟು, ನಮಗೆ ಎಂತ ಇಲ್ಲ ಅಂತ. ಅವತ್ತೇ ಹವೇಗೆ ಫೋನ್ ಮಾಡಿ ಕೇಳಿದೆ, ನಮ್ಮವರು ಯಾರಾದ್ರೂ ಇದ್ದಾರಾ ಅಂತ. ಹವೇ ಮಾತೇ ಆಡ್ಲಿಲ್ಲ. ಜೈಲಿಗೆ ಹೋದವಳ ಮನೆ ಅಂತ ಊರಲ್ಲಿ ಹೇಳ್ತಿದ್ರಂತೆ, ಮದುವೆ ಸಂಬಂಧ ತಪ್ಪಿತ್ತಂತೆ. ಅದಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಇಟ್ಟದ್ದು ಯಾರ ಹೆಸರು ಅಂತಲೇ ನನಗೆ ಗೊತ್ತಿರ್ಲಿಲ್ಲ. ಒಂದೊಂದು ಮಾತು ಕೇಳಿ ಕೇಳಿ ತೆಗೆದದ್ದು ನಾನು. ಮೊದಲನೇ ವರ್ಷ ಹಗ್ಗ ಎಳೀಲಿಕ್ಕೆ ಬಂದದ್ದು ನಾಲ್ಕೇ ಜನ. ಗುಡಿಸಲು ಬೀಳ್ಲೇ ಇಲ್ಲ."

ಇಷ್ಟು ಹೇಳಿ ಅವಳು ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕೂತಳು.

ಈ ಮಾತು ಕೇಳಿ ನನ್ನ ಹೊಟ್ಟೆಕಿಚ್ಚು ತಣ್ಣಗಾಯಿತೆಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಆದದ್ದು ಬೇರೆ. ಅದು ಇನ್ನೂ ಮೂಳೆಗೆ ಇಳಿಯಿತು. ಈವರೆಗೆ ನಾನು ಅವಳ ಅದೃಷ್ಟಕ್ಕೆ ಉರಿದುಕೊಂಡಿದ್ದೆ. ಈಗ ಗೊತ್ತಾಯಿತು, ಅದೃಷ್ಟವೇ ಅಲ್ಲ. ತಲೆಗೂದಲು ಬೆಳ್ಳಗಾಗುವಷ್ಟು ಕಾಲ ನಾನು ಹೇಳಿದ ಪಾಠವನ್ನು ಇವಳು ಮಹಡಿಯಲ್ಲಿ ಬಟ್ಟೆ ಮಡಚುತ್ತ ಕೇಳಿದಳು. ಹೋಗಿ ಒಂದು ಊರನ್ನು ಎಬ್ಬಿಸಿದಳು. ನಾನು ಎಬ್ಬಿಸಿದ್ದು ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವರನ್ನು ಮಾತ್ರ.

"ಅವಳ ಹತ್ತಿರ ಮಾತಾಡು" ಎಂದರು ಭಾಸ್ಕರ್, ಮನೆ ತಲುಪಿದ ಮೇಲೆ.

"ಎಂತ ಮಾತಾಡುವುದು?"

"ನೀನು ಹೇಳಿದ್ದು ಸರಿ ಆಗ್ಲಿಲ್ಲ. ಅದು ನಿನಗೂ ಗೊತ್ತುಂಟು."

ಗೊತ್ತಿತ್ತು. ಆದರೆ ನಾನು ಹೋಗಲಿಲ್ಲ. ಭಾಸ್ಕರ್ ಹೋಗಿ ಅವಳ ಪಕ್ಕ ಕೂತು ಬೆಳ್ಳುಳ್ಳಿ ಸುಲಿದು ಕೊಟ್ಟರು. ಅವರಿಬ್ಬರೂ ಏನೋ ಮಾತಾಡಿ ನಗುವುದು ಕೇಳಿಸಿತು. ಅದಕ್ಕೂ ಉರಿಯಿತು.

ಮಾವಿನ ಮರದ ಬಯಲು

ಹಬ್ಬದ ಬೆಳಿಗ್ಗೆ ಬಯಲು ತುಂಬಿತ್ತು. ಸುತ್ತಲಿನ ಊರುಗಳಿಂದಲೂ ಜನ ಬಂದಿದ್ದರು. ನಡುವೆ ಗುಡಿಸಲು, ಎದುರು ಭಾಗದಲ್ಲಿ ಭಾಸ್ಕರ್ ಹೆಣೆದ ಮಡಲು. ಮರದಡಿ ಹಿರಿಯರು ಕೂತು ಸೋಸುವ ಕೊಳವೆಯಿಂದ ತೆಂಗಿನ ಕಳ್ಳು ಹೀರುತ್ತಿದ್ದರು. ಮಕ್ಕಳು ನಾಟಕವಾಡಿದರು. ಬಾಗಿಲು ಎಣಿಸುವ ಅಧಿಕಾರಿಯ ಪಾತ್ರಕ್ಕೆ ದೊಡ್ಡ ಟೊಪ್ಪಿ ಹಾಕಿದ ಒಬ್ಬ ಹುಡುಗಿ. ಅವಳು ನಡೆದದ್ದು ನೋಡಿ ಜನ ಹೊಟ್ಟೆ ಹಿಡಿದು ನಕ್ಕರು. ಆಡು ಒಯ್ಯುವ ಭಾಗ ಬಂದಾಗ ಮಾತ್ರ ಮುದುಕರು ಯಾರೂ ನಗಲಿಲ್ಲ.

ದಾಮಾ ದೂರದಲ್ಲಿ ಮೈಕ್ ಹಿಡಿದು ಓಡಾಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ಹಗ್ಗ ಹಿಡಿಯುವ ಮೊದಲು ಹವೇ ಎದ್ದುನಿಂತು ನನ್ನನ್ನು ಕರೆದರು. ಅವರು ಏನೋ ಕೇಳಿದರು. ದಾಮಾ ಬಂದು, ನನ್ನ ಮುಖ ನೋಡದೆ, ಒಂದೇ ಉಸಿರಿನಲ್ಲಿ ಹೇಳಿದಳು: "ನಿಮ್ಮ ಮನೆಯಿಂದ ಯಾರು ಹೋಗಿದ್ರು ಅಂತ ಕೇಳ್ತಾರೆ."

ನನಗೆ ಭಾಷಣ ಮಾಡಲು ಬರುತ್ತದೆ. ಅವತ್ತು ಬರಲಿಲ್ಲ. "ಒಬ್ಬ ಹೋಗಿದ್ದ. ಮರಳಿ ಬರಲಿಲ್ಲ. ಎಲ್ಲಿ ಸತ್ತ ಅಂತ ಗೊತ್ತಿಲ್ಲ. ಹೆಸರು ಗೊತ್ತಿಲ್ಲ" ಎಂದೆ. ದಾಮಾ ಅದನ್ನು ಅವರಿಗೆ ಹೇಳಿದಳು. ಅವಳ ಸ್ವರ ಮೆತ್ತಗಾಗಿತ್ತು.

ಹವೇಗೆ ಆಶ್ಚರ್ಯವಾಯಿತು. ಹೆಸರಿಲ್ಲದೆ ಅವನಿಗೆ ಹೇಗೆ ಬಡಿಸುತ್ತೀರಿ ಎಂದು ಕೇಳಿದರು.

ನಾನು ನೆನಪಿಸಿಕೊಂಡೆ. ಸತ್ತವರಿಗೆ ಎಲೆ ಹಾಕುವ ದಿನ ನನ್ನ ಅಜ್ಜಿ ಒಂದೊಂದೇ ಹೆಸರು ಹೇಳಿ ಬಡಿಸಿ, ಕೊನೆಗೆ ಒಂದು ಸಣ್ಣ ಬಾಳೆಲೆಯನ್ನು ಜಗಲಿಯ ಹೊರಗೆ ಇಡುತ್ತಿದ್ದಳು. ಅದಕ್ಕೆ ಬಡಿಸುವಾಗ ಅವಳು ಬಾಯಿ ಬಿಡುತ್ತಿರಲಿಲ್ಲ. ಅದನ್ನು ಹೇಳಿದೆ.

ಹವೇ ಕಳ್ಳಿನ ಸೋರೆಬುರುಡೆ ತೆಗೆದುಕೊಂಡರು. ಮಾವಿನ ಮರದ ಬುಡಕ್ಕೆ ಬಗ್ಗಿ ಮೊದಲು ತಮ್ಮ ಅಜ್ಜಿಯ ಹೆಸರು ಹೇಳಿ ಸುರಿದರು. ಆಮೇಲೆ ಇನ್ನೂ ಕೆಲವು ಹೆಸರು. ಕೊನೆಗೆ ತಲೆಯೆತ್ತಿ, ಗಟ್ಟಿಯಾಗಿ ಏನೋ ಕೂಗಿ ಸುರಿದರು. ಆ ಕೂಗಿನಲ್ಲಿ ನನಗೆ ಒಂದೇ ಶಬ್ದ ತಿಳಿಯಿತು, ನಮ್ಮ ಊರಿನದು.

"ಎಂತ ಹೇಳಿದ್ರು?"

"ಮಂಗಳೂರಿನವನೇ, ನಿನ್ನ ಮನೆಯವರು ಬಂದಿದ್ದಾರೆ, ಬಂದು ಕುಡಿ ಅಂತ" ಎಂದಳು ದಾಮಾ. ಅವಳ ಕಣ್ಣು ತುಂಬಿತ್ತು. ನನ್ನದೂ.

"ನಿನ್ನೆ ನಾನು ಹಾಗೆ ಹೇಳಬಾರದಿತ್ತು" ಎಂದೆ.

"ಹಗ್ಗ ಹಿಡೀರಿ ಟೀಚರ್, ಜನ ಕಾಯ್ತಿದ್ದಾರೆ" ಎಂದು ಅವಳು ನನ್ನ ಕೈಗೆ ಹಗ್ಗ ಕೊಟ್ಟಳು.

ನಾನು ಎಳೆದೆ. ಮುಂದೆ ಹವೇ, ಹಿಂದೆ ದಾಮಾ, ಅವಳ ಹಿಂದೆ ಊರು. ಕಂಬ ಮುರಿಯಿತು, ಮಾಡು ನಿಧಾನವಾಗಿ ಬಾಗಿತು. ಭಾಸ್ಕರ್ ಹೆಣೆದ ಮಡಲು ಹಾರಿ ಬಂದು ನೇರ ನನ್ನ ತಲೆಗೆ ಬಡಿಯಿತು. ಕೂದಲಲ್ಲಿ ಕಸ, ಬಾಯಲ್ಲಿ ಧೂಳು. ಇವರು ಓಡಿ ಬಂದು, "ಪೆಟ್ಟಾಯ್ತಾ?" ಎಂದು ಕೇಳಿದರು. ನಾನು ಅಳುತ್ತಿದ್ದದ್ದು ಪೆಟ್ಟಿಗೆ ಅಲ್ಲ. ಇಷ್ಟು ಕಾಲದಲ್ಲಿ ಅವನನ್ನು ಮೊದಲ ಬಾರಿ ಬಾಯಿ ಬಿಟ್ಟು ಕರೆದವರು ಹವೇ, ನಾವಲ್ಲ. ಸಂತೋಷದ ಜೊತೆಗೆ ಆ ಉರಿಯೂ ಇತ್ತು.

ಬಿಕರ್ನಕಟ್ಟೆ

ಊರಿಗೆ ಬಂದ ಮೇಲೆ ಒಂದು ಶನಿವಾರ ನನ್ನ ತರಗತಿಗೆ ಹೇಳಿದೆ. ನಾಳೆ ಬೆಳಿಗ್ಗೆ ಬಿಕರ್ನಕಟ್ಟೆ ಜಂಕ್ಷನಿಗೆ ಬನ್ನಿ, ಪರೀಕ್ಷೆಗೆ ಬರುವುದಿಲ್ಲ, ಹಾಜರಿ ಇಲ್ಲ, ಬಂದವರಿಗೆ ನಮ್ಮ ಹೋಟೆಲಿನ ಬನ್ಸ್. ಕೊನೆಯ ಮಾತನ್ನು ಸೇರಿಸಬೇಕೆಂದು ಹೇಳಿಕೊಟ್ಟವರು ಭಾಸ್ಕರ್.

ಬಂದದ್ದು ಆರು ಜನ. ಬಾಲಯೇಸುವಿನ ಗುಡಿಗೆ ಹೋಗುವವರು, ಬರುವವರು, ಬಸ್ಸು, ರಿಕ್ಷಾ. ಮೇಣದಬತ್ತಿ ಹಿಡಿದ ಒಬ್ಬರು ಹೆಂಗಸು ಏನು ನಡೆಯುತ್ತಿದೆ ಎಂದು ನಿಂತರು. ಗಲ್ಲು ಹಾಕಿದ ಜಾಗ ನಿಖರವಾಗಿ ಎಲ್ಲಿ ಎಂದು ನನಗೂ ತಿಳಿಯದು. ರಸ್ತೆಯ ಬದಿಯಲ್ಲಿ ಒಂದು ಬಾಳೆಲೆ ಹಾಕಿ, ಅನ್ನ ಬಡಿಸಿ, ಹಾರ್ನುಗಳ ನಡುವೆ ಗಂಟಲು ಹರಿದುಕೊಂಡು ಕತೆ ಹೇಳಿದೆ. ಕೊನೆಗೆ, ಹೆಸರು ತಿಳಿಯದ ನಮ್ಮ ಮನೆಯವನನ್ನು ತುಳುವಿನಲ್ಲಿ ಕರೆದೆ. ಒಬ್ಬಳು ವಿದ್ಯಾರ್ಥಿನಿ ಹಿಂಜರಿಯುತ್ತ ಮುಂದೆ ಬಂದು, "ನಮ್ಮ ಅಜ್ಜನ ಮನೆಯಿಂದ ಸಹ ಯಾರೋ ಹೋಗಿದ್ರಂತೆ ಮೇಡಂ. ನಾನು ಸಹ ಕರೀಬಹುದಾ?" ಎಂದು ಕೇಳಿದಳು. ಕರೆದಳು. ಮೇಣದಬತ್ತಿಯ ಹೆಂಗಸು ಕೊನೆಯವರೆಗೂ ಇದ್ದು, ಸಣ್ಣಗೆ ಶಿಲುಬೆ ಹಾಕಿಕೊಂಡು ಹೋದರು.

ಆ ಸಂಜೆ ದಾಮಾಳಿಗೆ ಫೋನ್ ಮಾಡಿದೆ.

"ಎಷ್ಟು ಜನ ಬಂದಿದ್ರು?" ಎಂದು ಕೇಳಿದಳು.

"ಆರು. ದಾರಿಯಲ್ಲಿ ಹೋಗುವವರನ್ನು ಸೇರಿಸಿದರೆ ಏಳು. ನಿನಗೆ ಮೊದಲ ವರ್ಷ ನಾಲ್ಕಲ್ವಾ?"

"ಏಳಾ?" ಎಂದು ಅವಳು ಮತ್ತೆ ಕೇಳಿದಳು. ಅಷ್ಟು ಸಂತೋಷ ನನಗೆ ಇಡೀ ಪ್ರವಾಸದಲ್ಲಿ ಆಗಿರಲಿಲ್ಲ.

"ಸಿಟಿ ಅಲ್ವಾ ಟೀಚರ್, ಜನ ಸಿಗ್ತಾರೆ" ಎಂದಳು ಕೊನೆಗೆ. ಮತ್ತೆ, "ಬರುವ ವರ್ಷ ರಜೆ ಹಾಕಿ ಬರ್ತೇನೆ. ನೀವು ಎಷ್ಟು ಜನ ಸೇರಿಸ್ತೀರಿ ಅಂತ ನೋಡ್ಬೇಕು ನನಗೆ" ಎಂದಳು.

ಅವಳ ಸ್ವರದಲ್ಲಿ ನಾನು ಚೆನ್ನಾಗಿ ಬಲ್ಲ ಒಂದು ಉರಿ ಇತ್ತು.